ವಾರಂಟಿ ಮುಗಿಸಿದವಳು

ಕೊಪ್ಪದ ರಿಪೇರಿ ಅಂಗಡಿಯ ಸಾಲಿನಲ್ಲಿ ಮಿಕ್ಸಿ ಹಿಡಿದು ನಿಂತಿದ್ದ ವಾಸಪ್ಪನಿಗೆ ಮುಂದಿನ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸುಮಲತಾಳ ಸೊಂಟದ ಮೇಲೆ ಹೋಂ ಥಿಯೇಟರಿನ ರಿಸೀವರ್ ಪೆಟ್ಟಿಗೆ, ಜೊತೆಗೆ ನೆರೆಮನೆಯ ಸೀತಕ್ಕ.

"ಇದು ಕೆಟ್ಟ ಮೇಲೆ ಎರಡು ತಿಂಗಳು ನಮ್ಮ ಕಿವಿ ತಣ್ಣಗಿತ್ತು ಮಾರಾಯ್ತಿ."

"ನನ್ನ ಮೈಯೂ ತಣ್ಣಗಿತ್ತು ಸೀತಕ್ಕ. ನಮ್ಮನೆಯವ್ರು ಕೈ ಎತ್ತಲಿಲ್ಲ."

"ಎಂತ?"

"ಹೊಡೆಯೋ ಮುಂಚೆ ಇದರ ಸೌಂಡ್ ಜೋರು ಮಾಡ್ತಿದ್ರು."

"ನಾವು ಹಾಡು ಕೇಳ್ತಿದಾರೆ ಅಂದ್ಕಂಡಿದ್ವಲ್ಲೇ! ಮತ್ತೆ ರಿಪೇರಿಗೆ ಯಾಕೆ ತಂದೆ?"

"ಈ ಮಾಡೆಲ್ಲೇ ಕೆಡ್ತದಂತೆ. ಕಂಪನಿಯೋರೇ ವಾರಂಟಿ ಎರಡು ವರ್ಷ ಜಾಸ್ತಿ ಮಾಡಿ ಮೆಸೇಜ್ ಹಾಕಿದಾರೆ. ಇವತ್ತೇ ತಗಂಡು ಹೋಗು ಅಂದ್ರು ನಮ್ಮನೆಯವ್ರು."

ಅಂಗಡಿಯವನು ಕೈ ಚಾಚಿದ. "ಫ್ರೀಯಾಗಿ ಆಗ್ತದಮ್ಮ. ಬಿದ್ದು ಒಡೆದಿದ್ರೆ ಮಾತ್ರ ವಾರಂಟಿ ಇಲ್ಲ."

"ಒಡೆದ್ರೆ ಇಲ್ವಾ?"

"ಇಲ್ಲ."

ಸುಮಲತಾ ಅದನ್ನು ತಲೆಯೆತ್ತರಕ್ಕೆ ಎತ್ತಿ ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದಳು. ಬಗ್ಗಿ ಎತ್ತಿ ಇನ್ನೊಮ್ಮೆ ಅಪ್ಪಳಿಸಿದಳು. ಚೂರುಗಳು ವಾಸಪ್ಪನ ಕಾಲಿಗೆ ಬಡಿದವು.

"ಅಯ್ಯೋ, ಇವತ್ತು ನಿನ್ನ ಕೊಂದೇ ಹಾಕ್ತಾನಲ್ಲೇ!"

"ಹೊಡೀಲಿ ಸೀತಕ್ಕ," ಸುಮಲತಾ ಸೆರಗು ಕೊಡವಿ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. "ಇನ್ನು ನಿಮಗೆ ಕೇಳಿಸ್ತದಲ್ಲ."