ತಾಯಿಯ ತವರು ಮನೆಯ ಹೆಸರು

ಹೆಸರು: ಕಾವೇರಿ ಕೋಂ ಬಸಣ್ಣ ಹೊಸಮನಿ. ವಯಸ್ಸು: 36 ವರ್ಷ. ಕೆಲಸ: ಮನೆ ಅಡುಗೆ, ಬಾಣಂತಿ ಆರೈಕೆ. ವಾಸ: ಕಗ್ಗದಾಸಪುರ, ಬೆಂಗಳೂರು, ವಠಾರದಲ್ಲಿ ಬಾಡಿಗೆ ಕೋಣೆ. ಸ್ವಂತ ಊರು: ಗುಲ್ಬರ್ಗಾ ಜಿಲ್ಲೆ, ಚಿತ್ತಾಪುರ ತಾಲ್ಲೂಕು.

ನಾನು ಈ ದಿನ ಠಾಣೆಗೆ ಎರಡನೇ ಸಲ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದೇನೆಂದರೆ,

ನಾನು ಹತ್ತು ವರ್ಷದಿಂದ ಇಂದಿರಾನಗರದ ಶ್ರೀಮತಿ ಆದಿಲಕ್ಷ್ಮಿಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೇನೆ. ಅವರ ಮಗಳು ರಮ್ಯಶ್ರೀಯವರಿಗೆ ಸಿಂಗಪುರದಲ್ಲಿ ಹೆರಿಗೆಯಾದಾಗ, ಬಾಣಂತನಕ್ಕೆಂದು 12-1-2008ರಂದು ನನ್ನನ್ನು ಅಲ್ಲಿಗೆ ಕಳುಹಿಸಿದರು. ಸಂಬಳ ಹಲಸೂರಿನ ಬ್ಯಾಂಕಿನಲ್ಲಿ ನನ್ನೊಬ್ಬಳ ಹೆಸರಿನಲ್ಲಿರುವ ಖಾತೆಗೆ ಬೀಳುತ್ತಿತ್ತು. ಬ್ಯಾಂಕಿನ ವಿವರವನ್ನು ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ. ಆ ಹಣ ನನ್ನ ಮಗಳು ಲಕ್ಷ್ಮಿದೇವಿಯ ನರ್ಸಿಂಗ್ ಓದಿಗೆ ಇಟ್ಟದ್ದು. ಬೇರೆ ಯಾವುದಕ್ಕೂ ಅಲ್ಲ.

ಸಿಂಗಪುರದಲ್ಲಿ ರಮ್ಯಶ್ರೀಯವರು ತಮ್ಮ ಕಂಪ್ಯೂಟರಿನಲ್ಲಿ ಖಾತೆ ನೋಡುವುದನ್ನು ಕಲಿಸಿದರು. ಹೊರಗಿನ ಕಂಪ್ಯೂಟರ್ ಮುಟ್ಟಬಾರದು, ನೋಡಿದ ಮೇಲೆ ಲಾಗೌಟ್ ಮಾಡಲೇಬೇಕು, ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದು ಎಂದರು. ಗಂಡನಿಗೂ ಹೇಳ್ಬೇಡಿ ಕಾವೇರಿ, ನಿಮ್ಮಮ್ಮನಿಗೂ ಹೇಳ್ಬೇಡಿ ಎಂದರು. ನಾನು ಏಳನೇ ತರಗತಿ ಓದಿದವಳು. ಅವರು ಹೇಳಿದ ಒಂದು ಮಾತನ್ನೂ ಮೀರಲಿಲ್ಲ. ಪ್ರತಿ ಭಾನುವಾರ ಮಗು ಮಲಗಿದ ಮೇಲೆ ಖಾತೆ ನೋಡುತ್ತಿದ್ದೆ. ಹಣ ಇದ್ದಲ್ಲೇ ಇದೆ ಎಂದು ಕಂಡರೆ ವಾರದ ದಣಿವು ಇಳಿಯುತ್ತಿತ್ತು.

27-4-2008ರ ಭಾನುವಾರ ಪಾಸ್‌ವರ್ಡ್ ಹಿಡಿಯಲಿಲ್ಲ. ರಮ್ಯಶ್ರೀಯವರು ಬ್ಯಾಂಕಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಹಿಂದಿನ ಸೋಮವಾರ ನಾನೇ ಫೋನ್ ಮಾಡಿ, ಪಾಸ್‌ವರ್ಡ್ ಮರೆತಿದ್ದೇನೆಂದು ಹೇಳಿ, ಹೊಸದನ್ನು ಕಗ್ಗದಾಸಪುರದ ವಿಳಾಸಕ್ಕೆ ಕೊರಿಯರಿನಲ್ಲಿ ತರಿಸಿಕೊಂಡಿದ್ದೇನೆ ಎಂದು ಬ್ಯಾಂಕಿನವರು ನನಗೇ ತಿಳಿಸಿದರು. ಶುಕ್ರವಾರ ಖಾತೆಯಲ್ಲಿದ್ದ ಎಂಬತ್ತೆರಡು ಸಾವಿರವೂ ಬೇರೆ ಖಾತೆಗೆ ಹೋಗಿತ್ತು. ಅದು ಯಾರ ಖಾತೆ ಎಂದು ಫೋನಿನಲ್ಲಿ ಹೇಳಲು ಬರುವುದಿಲ್ಲ, ಖುದ್ದಾಗಿ ಬನ್ನಿ ಎಂದರು. ಖಾತೆಯನ್ನು ಆಗಲೇ ತಡೆಹಿಡಿಸಿದೆ. ತಡೆಯಲು ಒಳಗೆ ಏನೂ ಉಳಿದಿರಲಿಲ್ಲ.

ಕೂಡಲೇ ಮನೆಗೆ ಫೋನ್ ಮಾಡಿದೆ. ನನ್ನ ಗಂಡ ಬಸಣ್ಣ ತಮಗೇನೂ ಗೊತ್ತಿಲ್ಲ ಎಂದರು. ಪಕ್ಕದ ಕೋಣೆಯಲ್ಲಿರುವ ನನ್ನ ತಾಯಿ ಅಯ್ಯಮ್ಮ ಫೋನ್ ಇಸಿದುಕೊಂಡು ಅತ್ತಳು. ಕದ್ದವರ ಕೈ ಸೇದಿ ಹೋಗಲಿ ಎಂದು ಶಾಪ ಹಾಕಿದಳು. ನನ್ನ ತಮ್ಮ ಭೀಮಾಶಂಕರ, ವಯಸ್ಸು 30, ಶಿವಾಜಿನಗರದ ಸೈಬರ್ ಸೆಂಟರ್ ಒಂದರಲ್ಲಿ ಕೆಲಸ ಮಾಡುತ್ತಾನೆ. ಪರದೇಶದಾಗ ಕುಂತು ಕಂಪ್ಯೂಟರ್ ಒತ್ತಿದ್ರ ಹಿಂಗೇ ಆಗ್ತದ ಅಕ್ಕ ಎಂದು ಅವನು ನನಗೆ ಬುದ್ಧಿ ಹೇಳಿದ. ನಾನು ನಂಬಿದೆ. ಇವನ ಮಾತು ಕೇಳಿ ಒಂದು ತಿಂಗಳು ನನ್ನ ಬೆರಳುಗಳನ್ನೇ ಬೈದುಕೊಂಡಿದ್ದೆ.

31-5-2008ರಂದು ಬೆಂಗಳೂರಿಗೆ ಮರಳಿದೆ. 2-6-2008ರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆದಿಲಕ್ಷ್ಮಿಯವರ ಜೊತೆ ಬ್ಯಾಂಕಿಗೆ ಹೋದೆ. ಹಣ ಹೋಗಿದ್ದು ಭೀಮಾಶಂಕರನ ಖಾತೆಗೆ ಎಂದು ತೋರಿಸಿದರು. ಆದಿಲಕ್ಷ್ಮಿಯವರು ಪಟ್ಟು ಹಿಡಿದ ಮೇಲೆ ಆ ಫೋನ್ ಮಾತಿನ ಧ್ವನಿಮುದ್ರಣ ಹಾಕಿದರು. ಬ್ಯಾಂಕಿನ ಹುಡುಗಿ ಹೆಸರು, ಹುಟ್ಟಿದ ತಾರೀಕು ಕೇಳುತ್ತಾಳೆ. ಆ ಕಡೆಯ ಹೆಂಗಸು ನನ್ನ ಹೆಸರು, ನನ್ನ ತಾರೀಕು ಹೇಳುತ್ತಾಳೆ. ಕೊನೆಗೆ ನಿಮ್ಮ ತಾಯಿಯ ತವರು ಮನೆಯ ಹೆಸರೇನು ಎಂದು ಕೇಳುತ್ತಾಳೆ. ಹೊಸಮನಿ ಎಂದು ಉತ್ತರ. ಅಷ್ಟಕ್ಕೇ ನಿಲ್ಲಿಸದೆ, ಹೊಸಮನಿಯವ್ರು ಅಂದ್ರ ಸುತ್ತ ಹತ್ತೂರಿಗಿ ಗೊತ್ತದರಿ ಎಂದು ಯಾರೂ ಕೇಳದಿದ್ದರೂ ಸೇರಿಸುತ್ತಾಳೆ. ಆ ಧ್ವನಿ ನನ್ನ ತಾಯಿಯದು. ಇನ್ನೊಮ್ಮೆ ಹಾಕಿಸಿ ಕೇಳಿದೆ. ಆದಿಲಕ್ಷ್ಮಿಯವರು ನೀರು ಕೊಟ್ಟರು. ಕುಡಿಯಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ನನ್ನನ್ನು ನನ್ನ ತಾಯಿಯ ತಮ್ಮನಿಗೇ ಕೊಟ್ಟಿದ್ದಾರೆ. ಹಾಗಾಗಿ ನನ್ನ ತಾಯಿಯ ತವರು ಮನೆಯ ಹೆಸರೂ ನನ್ನ ಗಂಡನ ಮನೆಯ ಹೆಸರೂ ಒಂದೇ. ಬ್ಯಾಂಕಿನವರು ಗುಟ್ಟು ಎಂದು ಕೇಳುವ ಉತ್ತರ ಅವರೇ ಕೊಟ್ಟ ಪಾಸ್‌ಬುಕ್ಕಿನ ಮೇಲೆ ನನ್ನ ಹೆಸರಿನ ಮುಂದೆ ಅಚ್ಚಾಗಿದೆ. ಜನರಿಗೆ ಇಂಥ ಅರ್ಜಿ ತುಂಬಿ ಕೊಡುವುದೇ ಭೀಮಾಶಂಕರನ ಕೆಲಸ, ಅವನಿಗೆ ಇದು ಗೊತ್ತಿತ್ತು. ಒಂದು ಹೆಣ್ಣಿನ ಧ್ವನಿ ಮಾತ್ರ ಬೇಕಾಗಿತ್ತು. ಬ್ಯಾಂಕಿನ ಅಧಿಕಾರಿಗೆ ಹೀಗೆ ಎಂದಾಗ, ಪ್ರಪಂಚದಲ್ಲೆಲ್ಲ ಇದೇ ಪ್ರಶ್ನೆ ಕೇಳ್ತಾರಮ್ಮ ಎಂದರು. ನಿಮ್ಮ ಪ್ರಪಂಚ ಒಂದು ಸಲ ಕಗ್ಗದಾಸಪುರಕ್ಕೆ ಬಂದು ಹೋಗಲಿ ಎಂದೆ.

ಅದೇ ಸಂಜೆ ಆರು ಗಂಟೆಗೆ ವಠಾರದಲ್ಲಿ ಮೂವರನ್ನೂ ಕೇಳಿದೆ. ತಾಯಿ ಅಲ್ಲಗಳೆಯಲಿಲ್ಲ. ಕೊರಿಯರ್ ಬಂದಾಗ ನಾನೇ ಕಾವೇರಿ ಎಂದು ಹೇಳಿ ಇಸಿದುಕೊಂಡದ್ದನ್ನೂ ಒಪ್ಪಿದಳು. ನನ್ನ ತವರಮನಿ ಹೆಸರು ನಾ ಹೇಳ್ಲಾಕ ಯಾರ ಅಪ್ಪಣಿ ಬೇಕು ಎಂದಳು. ಆ ಹಣದಲ್ಲಿ ಕೆ.ಆರ್. ಪುರಂನ ಕಲ್ಯಾಣ ಮಂಟಪವೊಂದಕ್ಕೆ ಮುಂಗಡ ಕಟ್ಟಿ, ಉಳಿದದ್ದರಲ್ಲಿ ತಾಳಿ, ಬಟ್ಟೆ ತಂದಿದ್ದರು. ಮದುವೆ 22-8-2008ಕ್ಕೆ. ವರ ಭೀಮಾಶಂಕರ, ವಧು ನನ್ನ ಮಗಳು ಲಕ್ಷ್ಮಿದೇವಿ. ಅವಳಿಗೆ ಹದಿನೆಂಟು ತುಂಬುವುದು ಆಗಸ್ಟ್ 14ಕ್ಕೆ. ಅಷ್ಟು ಕಾನೂನು ಇವರಿಗೆ ಗೊತ್ತು.

ಕಾಲೇಜಿಗಿ ಹ್ವಾದ್ರ ಹುಡುಗಿ ಕೈ ಬಿಟ್ಟು ಹೋಗ್ತಾಳ, ಮನಿ ರೊಕ್ಕ ಮನಿ ಮದುವಿಗೇ ಹಾಕೀವಿ, ಅದು ಕಳ್ಳತನ ಹೆಂಗ ಆಗ್ತದ ಎಂದು ತಾಯಿ ನನ್ನನ್ನೇ ಕೇಳಿದಳು. ಭೀಮಾಶಂಕರ ತಲೆ ಎತ್ತದೆ ಮೊಬೈಲ್ ಒತ್ತುತ್ತಿದ್ದ. ಗಂಡನನ್ನು ಕೇಳಿದರೆ, ಅಕ್ಕ ಸುಮ್ಮನಿರು ಅಂದಳು, ಸುಮ್ಮನಿದ್ದೆ ಎಂದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವರಿಗೆ ನಾನು ಅಕ್ಕನ ಮಗಳೇ, ಹೆಂಡತಿ ಆಗಿಲ್ಲ. ನನ್ನನ್ನು ಹದಿನೇಳಕ್ಕೆ ಕೊಟ್ಟಾಗ ನಿನಗೆ ಇಷ್ಟವೇ ಎಂದು ಯಾರೂ ಕೇಳಲಿಲ್ಲ. ನಾನು ಮಗಳನ್ನು ಕೇಳಿದೆ. ಅವ್ರು ನಂಗೆ ಮಾಮ, ಅವ್ರನ್ನ ಮದ್ವೆ ಆಗಲ್ಲಮ್ಮ ಎಂದಳು. ಅವಳನ್ನು ಅಂದೇ ಆದಿಲಕ್ಷ್ಮಿಯವರ ಮನೆಯಲ್ಲಿ ಬಿಟ್ಟಿದ್ದೇನೆ. ಇದೇ 20ರೊಳಗೆ ಶುಲ್ಕ ಕಟ್ಟದಿದ್ದರೆ ಅವಳ ಸೀಟು ಹೋಗುತ್ತದೆ.

ನಿನ್ನೆ ಠಾಣೆಗೆ ಬಂದಾಗ ಹೆಡ್ ಕಾನ್‌ಸ್ಟೆಬಲ್ ಬೈಲಪ್ಪನವರು, ಮನೆ ಮಾತು, ಮನೇಲೇ ಮುಗಿಸ್ಕೊಳ್ಳಿ ಎಂದು ಕಳುಹಿಸಿದ್ದರು. ಮನೆಯಲ್ಲಿ ಅದನ್ನು ಆಗಲೇ ಮುಗಿಸಿದ್ದಾರೆ, ಆದ್ದರಿಂದಲೇ ಇಲ್ಲಿಗೆ ಬಂದದ್ದು. ಬ್ಯಾಂಕಿನಿಂದ ಧ್ವನಿಮುದ್ರಣ ತರಿಸಿ, ಮಂಟಪದವರಿಂದ ಮುಂಗಡ ವಾಪಸ್ ಕೊಡಿಸಿ, ನನ್ನ ಮಗಳ ತಂಟೆಗೆ ಬಾರದಂತೆ ಮೂವರ ಮೇಲೂ ಕ್ರಮ ಕೈಗೊಳ್ಳಬೇಕು. ಬ್ಯಾಂಕಿನವರು ಆ ಪ್ರಶ್ನೆಗೆ ಬೇರೆ ಉತ್ತರ ಕೊಡಲು ಹೇಳಿದ್ದರಿಂದ, ನಮ್ಮ ಬಳಗದಲ್ಲಿ ಎಲ್ಲೂ ಇಲ್ಲದ ಹೆಸರೊಂದನ್ನು ಕೊಟ್ಟು ಬಂದಿದ್ದೇನೆ. ಅದೇನೆಂದು, ಇದನ್ನು ಬರೆದುಕೊಳ್ಳುತ್ತಿರುವ ಬೈಲಪ್ಪನವರು ಕೇಳಿದರು. ಹೇಳಲಿಲ್ಲ. ಇಲ್ಲಿ ಬರೆಸುವುದೂ ಇಲ್ಲ.

ಬರೆದದ್ದನ್ನು ಓದಿ ಹೇಳಿದಾಗ, ಧ್ವನಿಮುದ್ರಣದ ಜಾಗದಲ್ಲಿ ಯಾರೋ ಅಪರಿಚಿತ ಮಹಿಳೆ ಎಂದಿತ್ತು. ಹೆತ್ತವಳ ಹೆಸರು ಯಾಕಮ್ಮ, ನಾಳೆ ನೀವೇ ಅಳ್ತೀರ ಎಂದು ಬೈಲಪ್ಪನವರು ಹೇಳಿದರು. ಈಗಲೇ ಅಳ್ತಿದೀನಿ, ಬರೀರಿ ಎಂದೆ. ಆ ಮೂರು ಪದ ಹೊಡೆಸಿ, ನನ್ನ ತಾಯಿ ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಇದೆಲ್ಲ ನಾನು ಕಂಡದ್ದು ಮತ್ತು ನನ್ನ ಕಿವಿಯಿಂದ ಕೇಳಿದ್ದು. ಆ ಒಂದು ಕಡೆ ಬಿಟ್ಟು ಬೇರೆಲ್ಲೂ ತಿದ್ದಿಸಿಲ್ಲ.

ಸ್ಥಳ: ಬೆಂಗಳೂರು
ದಿನಾಂಕ: 4-6-2008
ಸಹಿ: ಕಾವೇರಿ