ಮರಳ ದಿಬ್ಬದ ತುದಿಯಲ್ಲಿ ನಿಂತವನು

...ಬ್ರೇಕೇ ಇಲ್ಲ ಮಾರಾಯ! ಆಫ್ರಿಕಾದ ರ‍್ಯಾಲಿ, ಮೊರಿಟಾನಿಯಾದ ಮರಳು, ಬ್ರೇಕಿಲ್ಲದ ಗಾಡಿ, ನೂರ ಅರವತ್ತು ಸ್ಪೀಡು! ಓಡಿಸಿದ್ದು ಈ ಪಕೀರಬ್ಬ. ಸಾಕ್ಷಿಯಾ? ಪಕ್ಕದ ಸೀಟಿನಲ್ಲಿ ಇದ್ದದ್ದು ನಿನ್ನ ಅಪ್ಪ ಆನ್ಸೆಲ್ಮ್ ಒಬ್ಬನೇ. ಅವನನ್ನು ಈಗ ಎಲ್ಲಿಂದ ಕರೆದು ತರುವುದು ವಿಲ್ಫ್ರೆಡ್?

ಚಾ ಕುಡಿ, ತಣಿಯುತ್ತದೆ. ಎಂತ, ನಗ್ತೀಯಾ? ರೇಡಿಯೇಟರ್ ತೂತಾದಾಗ ಖರ್ಜೂರ ಜಗಿದು ಮೆತ್ತಿದವ ನಾನು! ಮೂರು ದಿನ ಒಂದು ಹನಿ ಸೋರಲಿಲ್ಲ. ಗಾಡಿಯ ಅರಬಿ ಧಣಿ ನನ್ನ ಹಣೆಗೆ ಮುತ್ತು ಕೊಟ್ಟ. ಕತಾರಿನ ಈ ಅಲ್ ವಕ್ರಾ ಊರಿಡೀ ಕೇಳಿ ನೋಡು... ಸರಿ, ಸರಿ. ನೀನು ಅದಕ್ಕೆ ಬಂದವನಲ್ಲ.

ರಜೆ ಹಾಕಿ ಲುಸೈಲಿನಿಂದ ಬಂದದ್ದು ಆ ಕಾಗದ ಹಿಡಿದುಕೊಂಡು. ಗೊತ್ತುಂಟು. ಮಡಚಿ ಕಿಸೆಯಲ್ಲಿಡು, ನನಗೆ ಓದಲಿಕ್ಕೆ ಬರುವುದಿಲ್ಲ. ಆಕ್ಸಿಡೆಂಟ್ ಆದ ಮೇಲೆ ರ‍್ಯಾಲಿಯವರು ಕೇಳಿದರು, ನಾನು ಹೇಳಿದೆ, ಅವರು ಬರೆದರು, ನಾನು ಹೆಬ್ಬೆಟ್ಟು ಒತ್ತಿದೆ. ಖಲಾಸ್! 'ಕಾವಲಿಗೆ ನಿಂತ ಆನ್ಸೆಲ್ಮ್ ಜಾಗ ಬಿಟ್ಟ, ಅದಕ್ಕೇ ಸತ್ತ'... ಹಾಗೆ ಉಂಟಾ ಅದರಲ್ಲಿ? ನಿನ್ನ ಅಮ್ಮ ಇಪ್ಪತ್ತೆರಡು ವರ್ಷದಿಂದ ಅದನ್ನೇ ನಂಬಿದ್ದಾಳಾ? ಗಂಡನದೇ ಉದಾಸೀನ ಅಂತ... ಅಯ್ಯೋ.

ಕೇಳು, ಹೇಳ್ತೇನೆ. ಆ ದಿಬ್ಬ ಈ ಬಿಲ್ಡಿಂಗಿನ ಎರಡು ಪಾಲು. ತುದಿ ದಾಟಿ ಇಳಿಯುವಾಗ ಗಾಡಿ ಹೂತುಹೋಯಿತು. ಹೊಟ್ಟೆಯವರೆಗೆ! ಆಗ ಕ್ರಮ ಎಂತ? ಒಬ್ಬ ಚಕ್ರದ ಹತ್ತಿರ ಅಗೆಯಬೇಕು, ಇನ್ನೊಬ್ಬ ದಿಬ್ಬದ ತುದಿಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲಬೇಕು. ಹಿಂದಿನಿಂದ ಏರಿ ಬರುವವನಿಗೆ ಆಕಾಶ ಮಾತ್ರ ಕಾಣುವುದು, ಆಚೆ ನಾವು ಸಿಕ್ಕಿಬಿದ್ದದ್ದು ಕಾಣುವುದಿಲ್ಲ. ಬಾವುಟ ಇಲ್ಲದಿದ್ದರೆ ನೇರ ತಲೆಯ ಮೇಲೆ.

ನಿನ್ನ ಅಪ್ಪ ಮೇಲೆ ನಿಂತ. ಕೆಳಗೆ ನಾನು. ಒಬ್ಬನೇ ಒಂದು ಲಾರಿ ಮರಳು ತೆಗೆದೆ, ಒಬ್ಬನೇ!... ಶ್! ಕೇಳಿಸಿತಾ? ಲಾರಿ... ಗೇರ್ ಇಳಿಸಿ ಏರುತ್ತಾ ಉಂಟು... ಇಲ್ಲವಾ? ಮೇಲಿನ ಮನೆಯ ಏಸಿ ಸದ್ದಾ? ಇರಬಹುದು. ನನಗೆ ದಿನಾ ಕೇಳುತ್ತದೆ. ನಮಾಜಿಗೆ ನಿಂತರೂ ಬೆನ್ನ ಹಿಂದೆ ಏರುತ್ತಲೇ ಇರುತ್ತದೆ, ತುದಿ ಮುಟ್ಟುವುದೇ ಇಲ್ಲ...

ಹಾಂ, ಎಲ್ಲಿಗೆ ನಿಲ್ಲಿಸಿದೆ? ಆನ್ಸೆಲ್ಮ್ ನೀರು ಕುಡಿಯಲಿಕ್ಕೆ ಇಳಿದನೋ ಎಂತದೋ. ಅಷ್ಟರಲ್ಲಿ ಬಂತು ರ‍್ಯಾಲಿಯ ಲಾರಿ. ದಿಬ್ಬ ಹಾರಿ ನಮ್ಮ ಗಾಡಿಯ ಮೇಲೆಯೇ ಬಿತ್ತು. ನಾನು ದೂರದಿಂದ ಓಡಿ ಬಂದೆ ಮಾರಾಯ, ಚಪ್ಪಲಿ ಎಲ್ಲಿ ಹೋಯಿತೋ... ನೋಡುವಾಗ ಆನ್ಸೆಲ್ಮ್ ಚಕ್ರದ ಹತ್ತಿರ... ಕೈಯಲ್ಲಿ ಸಲಿಕೆ ಹಾಗೇ ಇತ್ತು...

ಎಂತ? ಯಾಕೆ ಕಪ್ ಕೆಳಗಿಟ್ಟೆ?

ಸಲಿಕೆ ಅಂದೆನಾ? ದೂರದಿಂದ ಅಂದೆನಾ? ವಯಸ್ಸಾಯಿತಲ್ಲ, ಬಾಯಿ ಎಲ್ಲೆಲ್ಲೋ ಹೋಗುತ್ತದೆ... ಹಾಗೆ ನೋಡಬೇಡ. ವಿಲ್ಫ್ರೆಡ್, ಬೈದುಬಿಡು!

...ಟಿವಿಯವರ ಹೆಲಿಕಾಪ್ಟರ್ ಇಳಿದಿತ್ತು ಮಗಾ, ಸ್ವಲ್ಪ ಆಚೆ. ಊರಲ್ಲಿ ಜನ ನೋಡಲಿ ಅಂತ... ಬಾವುಟ ಬೀಸುತ್ತಾ ಕ್ಯಾಮರಾದ ಎದುರು ಹೋಗಿ ನಿಂತೆ. ಎರಡು ನಿಮಿಷ. ಎರಡೇ.

ಹೌದು, ಈಗ ನಿನ್ನೆದುರು ಭುಜ ಕುಣಿಸಿದೆ. ಮತ್ತೆ ಎಂತ ಮಾಡಲಿ? ಅವರು ನನ್ನನ್ನು ಟಿವಿಯಲ್ಲಿ ತೋರಿಸಲೂ ಇಲ್ಲ.