ಕತ್ತಲಲ್ಲಿ ಹೊಳೆದ ಹೆಸರು

ಮಾನ್ಯ ಅಧ್ಯಕ್ಷರೇ, ಶಾಲು ಹಿಡಿದು ಕಾಯುತ್ತಿರುವ ಗಣ್ಯರೇ, ಕುಂದಾಣದ ಸಭಿಕರೇ, ಮುಂದಿನ ಬೆಂಚುಗಳಲ್ಲಿ ಕೂತಿರುವ ಅಂಗನವಾಡಿಯ ಪುಟಾಣಿಗಳೇ,

ಈ ನೀಲಿ ಬೆಂಚುಗಳನ್ನು ಕೊಟ್ಟವರು ಯಾರು? ನಾನು. ಅವುಗಳ ಮೇಲೆಲ್ಲ ಹಳದಿ ಬಣ್ಣದಲ್ಲಿ ‘ದಾನಿ ಅಪ್ಪಯ್ಯಣ್ಣ’ ಎಂದು ಬರೆಸಿದವರು ಯಾರು? ಅದೂ ನಾನೇ. ಹೆಸರು ಬರೆಸದ ದಾನ ನಮ್ಮ ಕಡೆ ದೇವರಿಗೂ ಗೊತ್ತಾಗುವುದಿಲ್ಲ. ದೇವನಹಳ್ಳಿಯಲ್ಲಿ ಪೇಂಟ್ ಅಂಗಡಿ ಇಟ್ಟವನು ಹೇಳುತ್ತೇನೆ, ಈಗಿನ ಹಳದಿಗೆ ಈ ಹೊಳಪಿಲ್ಲ. ನೆಲಮಂಗಲದ ಗೋದಾಮೊಂದು ಖಾಲಿಯಾಗುವಾಗ ಯಾರಿಗೂ ಬೇಡವಾಗಿ ಉಳಿದಿದ್ದ ಹಳೆಯ ಡಬ್ಬಗಳ ಬಣ್ಣ ಇದು. ಬೇಡವಾದದ್ದನ್ನು ಕೊಡುವುದೇ ಅಲ್ಲವೇ ದಾನ?

ಹೋದ ವಾರ ಹೈಸ್ಕೂಲಿನ ವಿಜ್ಞಾನದ ಮೇಡಂ ಪ್ರಮೋದಾ ಅವರು ಅಂಗನವಾಡಿಯ ಕಿಟಕಿ ಮುಚ್ಚಿಸಿ, ಬೆಂಚಿಗೆ ಏನೋ ದ್ರಾವಣ ಸಿಂಪಡಿಸಿ, ನೇರಳೆ ಟಾರ್ಚ್ ಹಾಕಿದರು. ಬೆಂಚು ಕಪ್ಪಗಿತ್ತು, ನನ್ನ ಹೆಸರು ಮಾತ್ರ ಗಿಳಿಹಸಿರಾಗಿ ಹೊಳೆಯಿತು. ನಾನು ಚಪ್ಪಾಳೆ ತಟ್ಟಿದೆ. ಮೇಡಂ ತಟ್ಟಲಿಲ್ಲ. ದ್ರಾವಣದಲ್ಲಿ ಬ್ರೋಮೈಡ್ ಲವಣವಿದೆಯಂತೆ. ಬಣ್ಣದಲ್ಲಿ ಸೀಸವಿದ್ದರೆ ಎರಡೂ ಕೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಕಟ್ಟುತ್ತವಂತೆ. ನೇರಳಾತೀತ ಬೆಳಕಿಗೆ ಹೊಳೆಯುವುದು ಆ ಹರಳಂತೆ. ಸೀಸ ಮಕ್ಕಳ ಬುದ್ಧಿಗೆ ಕೇಡಂತೆ. ಜೀವಮಾನವೆಲ್ಲ ಬಣ್ಣದ ನಡುವೆಯೇ ಇದ್ದೇನೆ, ನನ್ನ ಬುದ್ಧಿಗೇನಾಗಿದೆ ಎಂದು ಕೇಳಿದೆ.

ಮೇಡಂ ಮಾತು ಸುಳ್ಳು ಮಾಡೋಣವೆಂದು ಇವತ್ತು ಬೆಳಿಗ್ಗೆ ಅದೇ ದ್ರಾವಣ ಮನೆಗೆ ತರಿಸಿದೆ. ಮೊಮ್ಮಗಳು ಸಿಂಚನಳ ತೊಟ್ಟಿಲಿನ ಅಂಚಿನಲ್ಲೂ ಅದೇ ಹಳದಿಯಲ್ಲಿ ‘ದಾನಿ ಅಪ್ಪಯ್ಯಣ್ಣ’ ಎಂದೇ ಇದೆ. ಮನೆಯ ತೊಟ್ಟಿಲಿಗೆ ದಾನಿ ಯಾಕೆ ಎನ್ನಬೇಡಿ, ಅಭ್ಯಾಸ. ಸೊಸೆ ರೂಪ ಸಿಂಪಡಿಸಿ ಟಾರ್ಚ್ ಹಾಕಿದಳು. ‘ದಾನಿ’ ಹೊಳೆಯಿತು. ‘ಅಪ್ಪಯ್ಯಣ್ಣ’ ಹೊಳೆಯಲೇ ಇಲ್ಲ. ನೋಡಮ್ಮಾ, ನನ್ನ ಹೆಸರಲ್ಲಿ ಸೀಸವಿಲ್ಲ ಎಂದು ಹಿಗ್ಗಿದೆ. ಅವಳು ಅಂಚಿನ ಮೇಲೆ ಬೆರಳಾಡಿಸಿದಳು. ಅಲ್ಲೆಲ್ಲ ಪುಟ್ಟ ಹಲ್ಲಿನ ಗುರುತು.

“ಅಲ್ಲಿ ಬಣ್ಣಾನೇ ಇಲ್ಲ ಮಾವ,” ಅಂದಳು. “ಪಾಪು ತಿಂದ್ಬಿಟ್ಟಿದೆ.”

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇದೆ, ನೋಡಿದಿರಾ? ರೂಪ ಮಗುವಿನ ರಕ್ತ ಪರೀಕ್ಷೆಗೆ ಹೋಗಿದ್ದಾಳೆ. ನನಗೆ ಭಯವಾಗಿದೆ ಸಭಿಕರೇ. ಬರೆದುಕೊಂಡು ಬಂದಿದ್ದ ಭಾಷಣ ಇದಲ್ಲ.

ಶಾಲು ಹಾಗೇ ಇರಲಿ. ಕರೆದಿದ್ದಕ್ಕೆ, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ತಾಯಂದಿರೇ, ಮೊದಲು ಮಕ್ಕಳನ್ನು ನನ್ನ ಹೆಸರಿನ ಮೇಲಿಂದ ಎಬ್ಬಿಸಿ, ಕೈ ತೊಳೆಸಿ. ನಮಸ್ಕಾರ.